ಪಂಕ್ತಿ ಏಳುವ ಹೊತ್ತು

ಊಟಕ್ಕೆ ಕುಳಿತಾಗ ನೀಲಗಂಗಾ ರೇಡಿಯೋ ಹಾಕಿಕೊಳ್ಳುತ್ತಿದ್ದಳು. ಹಾಡು ಕೇಳುವುದಕ್ಕಲ್ಲ, ಇನ್ನೊಬ್ಬರು ಉಣ್ಣುವ ಸದ್ದು ಕೇಳುವುದಕ್ಕೆ. ಆ ಇನ್ನೊಬ್ಬ ಇದ್ದದ್ದು ಪಕ್ಕದ ಕೋಣೆಯಲ್ಲಲ್ಲ, ಪಕ್ಕದ ಚಂದ್ರನ ಮೇಲೆ.

ಗುರುಗ್ರಹಕ್ಕೆ ಚಂದ್ರರ ಬರವೇ? ಇರುವ ಹಿಂಡಿನಲ್ಲಿ ದೊಡ್ಡವು ನಾಲ್ಕು. ಆ ನಾಲ್ಕರಲ್ಲಿ ಎಲ್ಲಕ್ಕಿಂತ ಹೊರಗಿನದು ಕ್ಯಾಲಿಸ್ಟೋ, ಅದರ ಒಳಗಿನದು ಗ್ಯಾನಿಮೀಡ್. ಕ್ಯಾಲಿಸ್ಟೋದ ಹೆಪ್ಪುಗಟ್ಟಿದ ನೆಲದ ಮೇಲೆ ಒಂದು ಆಲಿಸುವ ಕೇಂದ್ರ, ಅದರಲ್ಲಿ ನೀಲಗಂಗಾ ಒಬ್ಬಳೇ. ಗ್ಯಾನಿಮೀಡಿನಲ್ಲಿ ಮಂಜುಗಡ್ಡೆ ಕೊರೆಯುವ ಕೇಂದ್ರ, ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಮಾದೇಶ ಒಬ್ಬನೇ. ಇವಳು ಗದಗಿನವಳು, ಅವನು ಹನೂರಿನವನು. ಜೋಡಿ ಕೇಂದ್ರಗಳಿಗೆ ಒಂದೇ ಭಾಷೆಯವರನ್ನು ಹಾಕಿದರೆ ತುರ್ತಿನ ಹೊತ್ತಿಗೆ ತಡವರಿಸುವುದಿಲ್ಲವೆಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರಿಂದ ಇವರಿಬ್ಬರು ಒಬ್ಬರಿಗೊಬ್ಬರು ಸಿಕ್ಕಿದ್ದರು. ಸಿಕ್ಕಿದ್ದರು ಎಂದರೆ, ದನಿ ಮಾತ್ರ. ಎದುರುಬದುರು ಒಮ್ಮೆಯೂ ನಿಂತವರಲ್ಲ.

"ಅಕ್ಕೋ, ಇವತ್ತೇನು ಊಟ?"

"ಜೋಳದ ರೊಟ್ಟಿ ಅಂತ ಪ್ಯಾಕೆಟ್ ಮ್ಯಾಲ ಬರದಾರಪಾ. ಬಾಯಾಗ ಹಾಕಿದ್ರ ರಟ್ಟು."

ಮಾತು ಅಲ್ಲಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ಒಂದು ತುತ್ತು ಅಗಿದು ನುಂಗಬಹುದು. ಮೊದಮೊದಲು ಈ ಕಾಯುವಿಕೆ ಇಬ್ಬರಿಗೂ ಕಿರಿಕಿರಿ. ಆಮೇಲೆ ಅದೇ ಲೆಕ್ಕಕ್ಕೆ ಊಟ ಹೊಂದಿಕೊಂಡಿತು.

"ನಂದು ಮುದ್ದೆ ಅಂತೆ. ನಮ್ಮವ್ವ ನೋಡ್ಬುಟ್ರೆ ಇದ ಮಾಡ್ದೋನ ತಲೆಗೇ ಒಡೀತಾಳೆ."

ಅವಳು ನಗುತ್ತಿದ್ದಳು. ಉಂಡು ಮುಗಿದ ಮೇಲೆ ಇಬ್ಬರೂ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದರು. ಒಬ್ಬರು ಉಣ್ಣುತ್ತಿರುವಾಗ ಇನ್ನೊಬ್ಬರು ಏಳಬಾರದು; ಇದು ನೀಲಗಂಗಾ ಹಾಕಿದ ಕಟ್ಟಳೆ. ಕೊನೆಗೆ ಮಾದೇಶ ಕೇಳುತ್ತಿದ್ದ, "ಏಳಾನಾ ಅಕ್ಕ?"

"ಏಳೋಣಪಾ," ಎನ್ನುತ್ತಿದ್ದಳು. ಅಷ್ಟು ಆದಮೇಲೆ ಇಬ್ಬರೂ ತಂತಮ್ಮ ಚಂದ್ರರ ಮೇಲೆ ಎದ್ದು ಕೈ ತೊಳೆಯುತ್ತಿದ್ದರು.

ಆ ಕಟ್ಟಳೆ ಅವಳದೇನೂ ಅಲ್ಲ, ಅವಳ ಅವ್ವನದು. ಗದಗಿನ ಬಸ್ ಸ್ಟ್ಯಾಂಡಿನ ಹಿಂದೆ ಅವ್ವ ಖಾನಾವಳಿ ನಡೆಸುತ್ತಿದ್ದಳು. ಮೇಜು ಕುರ್ಚಿಯ ಮಾತೇ ಇಲ್ಲ, ಚಾಪೆಯ ಮೇಲೆ ಪಂಕ್ತಿ. ಎಲ್ಲರೂ ಉಂಡು ಮುಗಿಸುವ ತನಕ ಒಬ್ಬನೂ ಏಳುವಂತಿಲ್ಲ. ಆದರೆ ಹಸಿದವರು ಬಾಗಿಲಲ್ಲಿ ನಿಂತಿರುತ್ತಾರಲ್ಲ! ಅವ್ವ ಒಲೆಯ ಕಡೆ ತಿರುಗಿದಾಗ ಅವಸರದವನೊಬ್ಬ ಮೆಲ್ಲಗೆ ಎದ್ದು ಜಾರಿಕೊಳ್ಳುತ್ತಿದ್ದ, ಆ ಸಂದಿಗೆ ಹೊರಗಿನವನೊಬ್ಬ ತೂರಿಕೊಳ್ಳುತ್ತಿದ್ದ. ಅದಕ್ಕೆ ಒಂದಿಷ್ಟು ಗದ್ದಲ, ನಗು, ತಟ್ಟೆಯ ಟಣಟಣ ಇದ್ದೇ ಇರುತ್ತಿತ್ತು. ಅವ್ವ ಸೌಟು ಹಿಡಿದು ಬಾಗಿಲಲ್ಲೇ ನಿಂತ ದಿನ ಮಾತ್ರ ಯಾರೂ ಅಲ್ಲಾಡುತ್ತಿರಲಿಲ್ಲ. ಉಂಡವರು ಎಂಜಲಗೈ ಮಡಿಚಿಕೊಂಡು ಸುಮ್ಮನೆ, ಹೊರಗಿನವರು ಸುಮ್ಮನೆ. ನೋಡಿದವರಿಗೆ ಎಷ್ಟು ಶಿಸ್ತು ಎನಿಸಬೇಕು. ಆದರೆ ಒಮ್ಮೆ ಪಂಕ್ತಿ ಎದ್ದಿತೋ, ಎಲ್ಲರೂ ಒಟ್ಟಿಗೇ ಎದ್ದು, ಎಲ್ಲರೂ ಒಟ್ಟಿಗೇ ನುಗ್ಗಿ, ಬಾಗಿಲ ಚೌಕಟ್ಟು ಕಿತ್ತುಬರುವ ಹಾಗಾಗುತ್ತಿತ್ತು.

ಗುರುಗ್ರಹದ ಸುತ್ತಲೂ ನಡೆಯುವುದು ಹೆಚ್ಚುಕಡಿಮೆ ಇದೇ. ಅಷ್ಟು ದೊಡ್ಡ ಮೈ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತದೆ; ಅದರ ಕಾಂತಕ್ಷೇತ್ರವೂ ಜೊತೆಗೇ ಗಿರಗಿರನೆ ತಿರುಗುತ್ತದೆ. ಒಳಗಿನ ಚಂದ್ರ ಅಯೋ, ಮೈತುಂಬ ಜ್ವಾಲಾಮುಖಿ, ಗಂಧಕದ ಹೊಗೆಯನ್ನು ಉಗುಳುತ್ತಲೇ ಇರುತ್ತದೆ. ಆ ಹೊಗೆ ವಿದ್ಯುತ್ ಕಣಗಳಾಗಿ ಒಡೆದು, ಪ್ಲಾಸ್ಮಾ ಎನಿಸಿಕೊಂಡು, ಕಾಂತಕ್ಷೇತ್ರಕ್ಕೆ ಸಿಕ್ಕಿ ತಿರುಗತೊಡಗುತ್ತದೆ. ತಣ್ಣಗಿನ ಭಾರದ ಪ್ಲಾಸ್ಮಾ ಅದು, ಉಂಡವರ ಹಾಗೆ ಹೊರಗೆ ಹೋಗಲು ನೋಡುತ್ತದೆ. ಹೊರಗಡೆ ಬಿಸಿಯಾದ ತೆಳು ಪ್ಲಾಸ್ಮಾ, ಹಸಿದವರ ಹಾಗೆ ಒಳಗೆ ನುಗ್ಗಲು ನೋಡುತ್ತದೆ. ಮಾಮೂಲಿ ದಿನಗಳಲ್ಲಿ ಅಷ್ಟಷ್ಟೇ ಜಾಗ ಅದಲುಬದಲಾಗುತ್ತಿರುತ್ತದೆ, ಯಾರಿಗೂ ತೊಂದರೆಯಿಲ್ಲ. ಎಲ್ಲವೂ ಒಂದೇ ಸಲ ಆದರೆ ಮಾತ್ರ ಕೆಟ್ಟಿತು. ಒಳಗೆ ನುಗ್ಗಿದ ಬಿಸಿ ಕಣಗಳು ಗ್ಯಾನಿಮೀಡಿನ ಧ್ರುವಗಳ ಮೇಲೆ ಸುರಿಯುತ್ತವೆ. ಬಯಲಲ್ಲಿ ಸಿಕ್ಕ ಮನುಷ್ಯ ಉಳಿಯುವುದಿಲ್ಲ.

ಗ್ಯಾನಿಮೀಡಿಗೆ ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವಿದೆ, ಕೊಡೆ ಇದ್ದಂತೆ. ಮಾದೇಶನ ಕೇಂದ್ರ ಆ ಕೊಡೆಯ ಅಂಚಿನಲ್ಲಿತ್ತು. ಅದರಾಚೆ, ಧ್ರುವದ ಕಡೆಗೆ, ಕೊಡೆಯಿಲ್ಲ.

ಇಂಥ ಬಿರುಗಾಳಿಯನ್ನು ಮುಂಚೆಯೇ ಹಿಡಿಯುವುದಕ್ಕೆ ಒಂದು ಯಂತ್ರವಿತ್ತು. ಕಣಗಳ ಎಣಿಕೆ ಏರಿದರೆ ಕೆಂಪು, ಇಲ್ಲವಾದರೆ ಹಸಿರು. ಅದರ ಜೊತೆಗೆ ಒಂದು ಕಿವಿಯೂ ಇರಲಿ ಎಂದು ನೀಲಗಂಗಾಳನ್ನು ಕಳಿಸಿದ್ದರು. ಪ್ಲಾಸ್ಮಾದಲ್ಲಿ ಏಳುವ ಅಲೆಗಳನ್ನು ಸದ್ದಾಗಿಸಿದರೆ ಬೆಳಗಿನ ಹಕ್ಕಿಗಳ ಚಿಲಿಪಿಲಿಯಂತೆ ಕೇಳುತ್ತದೆ. ಅದನ್ನು ಹಿಡಿಯಲು ನಾಲ್ಕು ಪುಟ್ಟ ಉಪಗ್ರಹಗಳು ಸುತ್ತುತ್ತಿದ್ದವು. ಅವುಗಳ ಸರಕಾರಿ ಹೆಸರು ಯಾರಿಗೆ ಬೇಕು? ಅವ್ವನ ಪಂಕ್ತಿಯಲ್ಲಿ ದಿನಾ ಕೂರುತ್ತಿದ್ದವರನ್ನು ನೆನೆದು ಅವಳು ಇಟ್ಟ ಹೆಸರು ಮಾಸ್ತರ, ಕಂಡಕ್ಟರ್, ಟೇಲರ್, ವಕೀಲ. ಮಾಸ್ತರ ಇವತ್ತು ಬಾಳ ವಟವಟ ಅಂತಾನ, ವಕೀಲ ಯಾಕೋ ತೆಪ್ಪಗಿದಾನ ಎಂದು ತನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದಳು.

ವರ್ಷಗಟ್ಟಲೆ ಕೇಳಿ ಕೇಳಿ ಅವಳಿಗೆ ಒಂದು ಅನುಮಾನ ಬಂದಿತ್ತು. ದೊಡ್ಡ ಬಿರುಗಾಳಿಗೆ ಮುಂಚೆ ಚಿಲಿಪಿಲಿ ಹೆಚ್ಚುವುದಿಲ್ಲ, ನಿಲ್ಲುತ್ತದೆ. ಸಣ್ಣಪುಟ್ಟ ಅದಲುಬದಲು ನಿಂತು ಭಾರ ಒಳಗೊಳಗೇ ಕೂಡುತ್ತದೆ. ಅಯೋ ತಣ್ಣಗಿದ್ದು ಪ್ಲಾಸ್ಮಾವೇ ಕಡಿಮೆಯಿದ್ದಾಗಲೂ ಮೌನವೇ. ಅದು ಖಾಲಿ ಖಾನಾವಳಿಯ ಮೌನ. ಬಿರುಗಾಳಿಗೆ ಮುಂಚಿನದು ತುಂಬಿದ ಪಂಕ್ತಿಯ ಮೌನ, ಅಡಿಯಲ್ಲೆಲ್ಲೋ ಇದೆಯೋ ಇಲ್ಲವೋ ಎಂಬಂಥ ಒಂದು ಗುಂಯ್ ಇರುತ್ತದೆ. ಭೂಮಿಯ ಕಚೇರಿಯವರು ಆ ಗುಂಯ್ ಗ್ರಾಹಕಯಂತ್ರದ್ದೇ ಸದ್ದು ಎಂದರು. ಒಂದು ಸಲ ಅವಳ ಮಾತು ನಂಬಿ ಮಾದೇಶನ ಕೆಲಸವನ್ನೆಲ್ಲ ನಿಲ್ಲಿಸಿದರು, ಏನೂ ಬರಲಿಲ್ಲ. ಅಂದಿನಿಂದ ಅವಳ ಮೌನದ ಸಿದ್ಧಾಂತ ಕಚೇರಿಯಲ್ಲಿ ಚಹಾ ಹೊತ್ತಿನ ತಮಾಷೆಯಾಯಿತು. ಎಚ್ಚರಿಕೆ ಕೊಡುವ ಅಧಿಕಾರವೂ ಯಂತ್ರಕ್ಕೇ ಹೋಯಿತು.

ಇಷ್ಟರಲ್ಲಿ ಮಾದೇಶ ಊರಿಗೆ ಹೊರಡುವ ಕಾಲ ಬಂತು.

ಅವನು ಬರುವಾಗ ಹೆಂಡತಿ ಬಸುರಿ. ಹುಟ್ಟಿದ ಮಗಳನ್ನು ಅವನು ಎತ್ತಿಕೊಂಡವನಲ್ಲ. ಅವಳಿಗೆ ಈಗ ಮಾತು ಬಂದು, ಓಟ ಬಂದು, ಹಟವೂ ಬಂದಿತ್ತು. "ಅಪ್ಪ ಎಲ್ಲವ್ವಾ ಅಂದ್ರೆ ಫೋನ್ ತೋರಿಸ್ತದಂತೆ ಕಣಕ್ಕ. ಮೊನ್ನೆ ಫೋನ್ ಬಾಯಿಗೆ ಬಾಳೇಹಣ್ಣು ಮೆತ್ತಿ ಮಡಗಿತ್ತಂತೆ, ಅಪ್ಪ ತಿನ್ಲಿ ಅಂತ." ಅವನು ಹೇಳಿ ನಕ್ಕ. ನಗು ಅರ್ಧಕ್ಕೇ ನಿಂತಿತು. ನೀಲಗಂಗಾ ರೊಟ್ಟಿ ಮುರಿಯುತ್ತ ಕೂತಳು.

ನೌಕೆ ಇಳಿಯುವುದು ಧ್ರುವದ ಕಡೆಯ ಬಯಲಲ್ಲಿ. ಅದರ ಟ್ಯಾಂಕಿಗೆ ಬೇಕಾದ ಶುಭ್ರ ಮಂಜು ಇದ್ದದ್ದು ಅಲ್ಲೇ. ಕೇಂದ್ರದಿಂದ ಅಲ್ಲಿಗೆ ಗಾಡಿಯಲ್ಲಿ ಅರ್ಧ ದಿನದ ದಾರಿ, ಪೂರಾ ಬಯಲು. ಗ್ರಹಗಳ ಲೆಕ್ಕಕ್ಕೆ ಕಟ್ಟುಬಿದ್ದ ನೌಕೆ ಯಾರಿಗಾಗಿಯೂ ಕಾಯುವುದಿಲ್ಲ. ಇದು ತಪ್ಪಿದರೆ ಇನ್ನೊಂದು ಬರಲು ವರ್ಷದ ಮೇಲಾಗುತ್ತದೆ. ಮಾದೇಶನ ಜಾಗಕ್ಕೆ ಬೇರೆ ಯಾರೂ ಬರುವುದಿಲ್ಲ, ಇನ್ನು ಮೇಲೆ ಯಂತ್ರಗಳೇ ಸಾಕು ಎಂದಿದ್ದರು. ನೀಲಗಂಗಾಳ ಕೆಲಸದ ಅವಧಿ ಇನ್ನೂ ಬಹಳ ಇತ್ತು. ಅವಳೇ ಬರೆದುಕೊಟ್ಟು ಬೆಳೆಸಿಕೊಂಡದ್ದು ಅದು. ಅವ್ವ ತೀರಿಕೊಂಡ ಮೇಲೆ ಗದಗಿನಲ್ಲಿ ಅವಳಿಗಾಗಿ ಬಾಗಿಲು ತೆರೆಯುವವರು ಯಾರಿದ್ದರು?

ಹೊರಡುವ ದಿನ ಮಾದೇಶ ಗಾಡಿಯಲ್ಲಿ ಕೂತು ಕರೆದ.

"ಅಕ್ಕ, ಓಗ್ಬುಟ್ಟು ಬತ್ತೀನಿ."

"ಹೋಗಿ ಬಾಪಾ. ಕೂಸಿಗೆ ನನ್ನ ಮುದ್ದು ಹೇಳು."

"ಯೋಳ್ತೀನಿ. ಮತ್ತೆ, ಗೊತ್ತಲ್ಲ, ಹೊಂಟ ಮ್ಯಾಕೆ ಹಿಂದ್ಲಿಂದ ಕರೀಬ್ಯಾಡ."

ಅವಳು ನಕ್ಕಳು. ಒಮ್ಮೆ ಅವನು ಕೊರೆಯುವ ಜಾಗಕ್ಕೆ ಹೊರಟಾಗ ಏನೋ ಕೇಳಲೆಂದು ಅವಳು ಹಿಂದಿನಿಂದ ಕರೆದುಬಿಟ್ಟಿದ್ದಳು. ಆಸಾಮಿ ಗಾಡಿ ತಿರುಗಿಸಿ, ಕೇಂದ್ರಕ್ಕೆ ಮರಳಿ, ಅಷ್ಟು ದಪ್ಪದ ಉಡುಪು ಬಿಚ್ಚಿ, ಕೂತು, ಒಂದು ಗುಟುಕು ನೀರು ಕುಡಿದು, ಮತ್ತೆ ಉಡುಪು ತೊಟ್ಟು ಹೊರಟಿದ್ದ. ಅರ್ಧ ಹೊತ್ತು ಅದಕ್ಕೇ ಹೋಯಿತು. "ಇಂಜಿನಿಯರಿಂಗ್ ಓದೀಯಲ್ಲೋ ಮಾರಾಯಾ!" ಎಂದು ಅವಳು ಚೇಷ್ಟೆ ಮಾಡಿದ್ದಳು. "ಓದಿರದು ತಲೆಗೆ. ಇದು ಕಾಲಿಗೆ ಕಣಕ್ಕ," ಎಂದಿದ್ದ ಅವನು.

ಗಾಡಿ ಹೊರಟಿತು. ಅವನು ಮಾತು ನಿಲ್ಲಿಸಿ ದಾರಿ ನೋಡತೊಡಗಿದ. ನೀಲಗಂಗಾ ಎದ್ದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಇನ್ನೇನು ಕೆಲಸವಿತ್ತು ಅವಳಿಗೆ?

ಮಾಸ್ತರ ಮಾತಾಡುತ್ತಿರಲಿಲ್ಲ. ಕಂಡಕ್ಟರ್, ಟೇಲರ್, ಇಬ್ಬರದೂ ಬಾಯಿ ಬಂದ್. ಸದಾ ಕುಟುಕುಟು ಎನ್ನುವ ವಕೀಲನೂ ನೋಡುನೋಡುತ್ತಿದ್ದಂತೆ ಅಡಗಿದ. ಅವಳು ಸದ್ದು ಏರಿಸಿದಳು. ಉಸಿರು ಬಿಗಿಹಿಡಿದು ಕೇಳಿದಳು. ಅಡಿಯಲ್ಲಿ ಗುಂಯ್ ಇತ್ತೇ? ಇದ್ದಂತೆ ಇತ್ತು. ಯಂತ್ರದ ಕಡೆ ನೋಡಿದರೆ ಹಸಿರು, ಗರಿಕೆಯಂಥ ಹಸಿರು.

ಕೂಗಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು. ಒಂದು ಯೋಚನೆ ಬಂದು ಬಾಯಿ ಕಟ್ಟಿಹಾಕಿತು.

ಅವನು ಹೋಗುವುದು ಅವಳಿಗೆ ಬೇಡವಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ನಾಳೆಯಿಂದ ಊಟಕ್ಕೆ ಕೂತರೆ ಆ ಕಡೆಯಿಂದ ಏನು ಊಟ ಎಂದು ಕೇಳುವವರಿಲ್ಲ, ಏಳೋಣವೇ ಎನ್ನುವವರಿಲ್ಲ. ನಿನ್ನೆ ಇಡೀ ದಿನ ಅದನ್ನೇ ನೆನೆದಿದ್ದಳು. ಈಗ ಕಿವಿಗೆ ಬೀಳುತ್ತಿರುವ ಗುಂಯ್ ಗುರುಗ್ರಹದ್ದೋ, ಅವಳ ಒಳಗಿನದೋ? ಬೇಕಾದ್ದನ್ನು ಕೇಳಿಸಿಕೊಳ್ಳುವುದರಲ್ಲಿ ಕಿವಿಗಿಂತ ಕಳ್ಳ ಅಂಗ ಇನ್ನೊಂದಿಲ್ಲ. ತಂದೆಯ ಮುಖ ಕಾಣದ ಒಂದು ಕೂಸಿನಿಂದ, ತನಗೆ ಉಣ್ಣಲು ಜೊತೆ ಬೇಕೆಂದು, ಇನ್ನೊಂದು ವರ್ಷ ಕಸಿದುಕೊಳ್ಳುವುದೇ? ಛೀ!

ಹಾಗಂತ ಸುಮ್ಮನಿದ್ದು, ಅವನು ಬಯಲಿನ ನಡುವೆ ಇರುವಾಗ ಪಂಕ್ತಿ ಎದ್ದರೆ?

ಭೂಮಿಯನ್ನು ಕೇಳಿದರೆ ಉತ್ತರ ಬರಲು ಗಂಟೆಯ ಮೇಲಾಗುತ್ತದೆ, ಬರುವ ಉತ್ತರವೂ ಗೊತ್ತೇ ಇದೆ. ಹಿಂದಿರುಗು ಎಂದು ಆಜ್ಞೆ ಮಾಡುವ ಅಧಿಕಾರ ಅವಳಿಗಿಲ್ಲ. ಅವಳ ಕೈಯಲ್ಲಿದ್ದದ್ದು ಒಂದೇ. ಗುಂಡಿ ಒತ್ತಿ ಕರೆದಳು.

"ಮಾದೇಶಾ!"

ಅಷ್ಟೇ. ಇನ್ನೇನೂ ಹೇಳಲಿಲ್ಲ. ಒಂದು ತುತ್ತಿನ ಹೊತ್ತು ಕಳೆದು ಅವನ ದನಿ ಬಂತು.

"ಅಯ್ಯೋ ಅಕ್ಕಾ! ಏನಕ್ಕ ಇದು! ಯೋಳಿದ್ನಲ್ಲಾ, ಕರೀಬ್ಯಾಡ ಅಂತ!"

"ಕರದಬಿಟ್ಟೆ. ತಪ್ಪಾತು. ಒಳಗ ಹೋಗು, ಕೂಡು, ನೀರು ಕುಡಿ. ಸಾವಕಾಶ ಕುಡಿ. ಅಷ್ಟರಾಗ ನನಗೊಂದು ಕೆಲಸ ಐತಿ."

ಅವನು ಗೊಣಗುತ್ತ ಗಾಡಿ ತಿರುಗಿಸಿದ. ಬೇರೆ ಯಾರಾದರೂ ಆಗಿದ್ದರೆ, ಹೋಗಮ್ಮಾ ನಿನ್ನ ಎಂದು ಮುಂದೆ ಹೋಗಿಬಿಡುತ್ತಿದ್ದರು.

ನೀಲಗಂಗಾ ಗಣಕದ ಮುಂದೆ ಕೂತಳು. ಐದು ವರ್ಷದ ಧ್ವನಿಮುದ್ರಣದಿಂದ ಮೌನದ ಚೂರುಗಳನ್ನು ಹೆಕ್ಕು ಎಂದು ಅದಕ್ಕೆ ಹೇಳಿದಳು. ಬಿರುಗಾಳಿಗೆ ಮುಂಚಿನ ಮೌನ, ಏನೂ ಬಾರದ ದಿನದ ಮೌನ, ಎಲ್ಲ ಸೇರಿ ಮೂವತ್ತು ಚೂರು. ಅದರಲ್ಲಿ ಒಂದು ಇವತ್ತಿನದು. ಯಾವುದು ಯಾವಾಗಿನದೆಂದು ನನಗೆ ತೋರಿಸಬೇಡ, ಕಲಸಿ ಕೇಳಿಸು. ನಾನು ಹೇಳುವುದನ್ನು ಗುರುತು ಹಾಕಿಕೋ, ಕೊನೆಗೆ ತಾಳೆ ನೋಡೋಣ. ಇಷ್ಟು ಸಲೀಸಾದ ಪರೀಕ್ಷೆ ಇಷ್ಟು ವರ್ಷ ತನಗಾಗಲಿ ಕಚೇರಿಯವರಿಗಾಗಲಿ ಯಾಕೆ ಹೊಳೆಯಲಿಲ್ಲ? ಅವರಿಗೆ ನಗುವುದರಲ್ಲೇ ಸಮಾಧಾನವಿತ್ತು, ಇವಳಿಗೆ ಸಿಟ್ಟಾಗುವುದರಲ್ಲಿ.

ದೀಪ ಆರಿಸಿ ಕಣ್ಣು ಮುಚ್ಚಿಕೊಂಡಳು. ಅವ್ವನ ಖಾನಾವಳಿಯ ಬಾಗಿಲಲ್ಲಿ ನಿಂತಂತೆ ನೆನೆದುಕೊಂಡಳು. ಒಳಗೆ ಜನ ಇದ್ದಾರೆಯೇ, ಇಲ್ಲವೇ?

"ಖಾಲಿ," ಎಂದಳು. "ಖಾಲಿ. ತುಂಬೈತಿ. ಖಾಲಿ. ತುಂಬೈತಿ..."

ನಡುವೆ ಒಂದು ಕಡೆ ತಡವರಿಸಿದಳು. ಮಾದೇಶ ರೇಡಿಯೋದಲ್ಲಿ, "ನೀರು ಕುಡ್ದಾಯ್ತು ಅಕ್ಕ, ಹೊಂಡ್ಲಾ?" ಎಂದದ್ದು ಕೇಳಿಸಿತು. ಮುಂದಿನ ಚೂರಿಗೆ ಕಿವಿಗೊಟ್ಟಳು. ಮೂವತ್ತೂ ಮುಗಿದ ಮೇಲೆ ದೀಪ ಹಾಕಿ ನೋಡಿದಳು.

ಹಳೆಯ ಚೂರುಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲ ಸರಿ. ಇವತ್ತಿನ ಚೂರು ನಡುವೆ ಎಲ್ಲೋ ಬಂದುಹೋಗಿತ್ತು. ಅದಕ್ಕೆ ಅವಳು ಒಂದಿಷ್ಟೂ ತಡವರಿಸದೆ ಹೇಳಿದ್ದು, ತುಂಬೈತಿ.

ಅವಳಿಗೆ ಅಳು ಬಂತು. ಸುಳ್ಳು ಹೇಳಿದ್ದು ತನ್ನ ಕಿವಿಯಲ್ಲ ಎಂಬ ಸಮಾಧಾನಕ್ಕೋ, ಇನ್ನು ಅವನಿಗೆ ಹೇಳಲೇಬೇಕಲ್ಲ ಎಂಬ ಸಂಕಟಕ್ಕೋ ಗೊತ್ತಾಗಲಿಲ್ಲ. ಮೂಗು ಒರೆಸಿಕೊಂಡು ಗುಂಡಿ ಒತ್ತಿದಳು.

"ಮಾದೇಶಾ, ಹೊಂಡಬ್ಯಾಡಪಾ. ಪಂಕ್ತಿ ಏಳತೈತಿ."

ಈ ಸಲ ಉತ್ತರಕ್ಕೆ ಒಂದು ತುತ್ತಿಗಿಂತ ಹೆಚ್ಚು ಹೊತ್ತು ಹಿಡಿಯಿತು.

"ನೌಕೆಯೋರ ಕೇಳ್ದೆ. ಹಸಿರು ತೋರಿಸ್ತಾ ಅದೆ ಅಂದ್ರು. ಬರಾದು ಬುಡಾದು ನಿನ್ನಿಷ್ಟ ಅಂದ್ರು."

"ಯಂತ್ರಕ್ಕ ಎರಡೂ ಮೌನ ಒಂದೇ."

"ಅಕ್ಕ, ಒಂದು ಕೇಳ್ತೀನಿ, ಕ್ವಾಪ ಮಾಡ್ಕೊಬ್ಯಾಡ. ನನ್ನ ಬುಟ್ಟಿರಕ್ಕೆ ಆಗ್ದೆ ಯೋಳ್ತಿದ್ದೀಯಾ?"

ಮುಖಕ್ಕೆ ಹೊಡೆದಂತಾಯಿತು. ಆದರೆ ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಅವಳೂ ಅದನ್ನೇ ಕೇಳಿಕೊಂಡಿರಲಿಲ್ಲವೇ?

"ಅದೂ ಐತಿ," ಎಂದಳು. "ನೀ ಹೋಗೂದು ನನಗ ಬ್ಯಾಡಾಗಿತ್ತು. ಸುಳ್ಳ್ಯಾಕ ಹೇಳ್ಲಿ? ಅದಕ್ಕ ನನ್ನ ಕಿವಿ ನಾನೇ ನಂಬಲಿಲ್ಲ. ಯಾವ ದಿನದ್ದು ಅಂತ ಗೊತ್ತಿಲ್ದ ಮೂವತ್ತು ಮೌನ ಕೇಳಿದೆ. ಎರಡು ತಪ್ಪಿದೆ. ಇವತ್ತಿಂದು ತುಂಬೈತಿ ಅಂತ ಹೇಳೇನಿ, ಇವತ್ತಿಂದು ಅಂತ ಗೊತ್ತಿಲ್ದನ. ಇಷ್ಟ ನನ್ನ ಕಡೆ ಇರೂದು. ಮುಂದ ನಿನ್ನ ಮನಸ್ಸು."

ಕಾದಳು. ತುತ್ತಿಲ್ಲದ ಬಾಯಿ ಸುಮ್ಮನೆ ಅಗಿಯುತ್ತಿತ್ತು.

"ಎರಡು ತಪ್ಪಿದ್ಯಾ?"

"ಎರಡು."

"ಇವತ್ತಿಂದು ಮೂರ್ನೇದು ಆಗಿದ್ರೆ?"

"ಆಗಿದ್ರ ನೀ ನನ್ನ ಜೊತಿ ಮಾತು ಬಿಡು. ನಾ ಏನೂ ಅನ್ನೂದಿಲ್ಲ."

ಉಡುಪಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ ಅವನು ರೇಡಿಯೋ ಆರಿಸಿದ.

ಹೊರಡಬಹುದಾದ ಕೊನೆಯ ಹೊತ್ತೂ ದಾಟಿಹೋಯಿತು. ಏನೂ ಆಗಲಿಲ್ಲ. ನೀಲಗಂಗಾ ಹಸಿರು ದೀಪದ ಮುಂದೆ ಕೂತು ಕೈ ಹಿಸುಕಿಕೊಂಡಳು. ಬರಲಿ, ಬಂದುಬಿಡಲಿ ಎಂದು ಮನಸ್ಸು ಬೇಡತೊಡಗಿತು. ಬಿರುಗಾಳಿ ಬರಲಿ ಎಂದು ಬೇಡುವ ಸ್ಥಿತಿಗೆ ಬಂದೆನಲ್ಲ ಎಂದು ನಾಚಿಕೆಯೂ ಆಯಿತು. ನೌಕೆಯವರಿಗೆ ದಪ್ಪ ಗೋಡೆಯ ಒಳಕೋಣೆಯಿತ್ತು, ಅವರಿಗೇನೂ ಆಗುವುದಿಲ್ಲ ಎಂಬುದೊಂದೇ ಸಮಾಧಾನ. ಬಾರದಿದ್ದರೆ? ಒಂದು ಮನೆಯ ಮುಂದಿನ ಒಂದು ವರ್ಷವನ್ನು ತಾನು ತಿಂದುಹಾಕಿದಂತೆ. ಅದನ್ನು ಯಾವ ಬಾಯಿಂದ ವಾಪಸು ಉಗುಳುವುದು?

ಮಾಸ್ತರ ಮೊದಲು ಎದ್ದ.

ಹೆಡ್‌ಫೋನಿನಲ್ಲಿ ಒಂದು ಸೀಳು ಸಿಳ್ಳೆ. ಅದರ ಬೆನ್ನಿಗೇ ಕಂಡಕ್ಟರ್, ಟೇಲರ್, ವಕೀಲ, ಎಲ್ಲರೂ ಒಟ್ಟಿಗೆ. ಅವಳು ಹೆಡ್‌ಫೋನ್ ಕಿತ್ತೆಸೆದಳು. ಮೇಜಿನ ಮೇಲೆ ಬಿದ್ದೂ ಅದು ಕಿರುಚುತ್ತಲೇ ಇತ್ತು. ಆಗ ಯಂತ್ರಕ್ಕೆ ಎಚ್ಚರವಾಗಿ, ದೀಪ ಕೆಂಪಾಯಿತು. ಧ್ರುವದ ದಾರಿಯುದ್ದಕ್ಕೂ ಕಣ ಎಣಿಸಲು ನೆಟ್ಟಿದ್ದ ಅಳತೆಗೋಲುಗಳಲ್ಲಿ ಮುಳ್ಳು ಕೊನೆಯ ಗೆರೆಗೆ ಹೊಡೆದು ಅಲ್ಲೇ ನಿಂತಿತು. ಮಾದೇಶ ಹೊರಟಿದ್ದರೆ ಅವನ ಗಾಡಿ ಆ ಹೊತ್ತಿಗೆ ಸರಿಯಾಗಿ ಆ ಗೋಲುಗಳ ನಡುವೆ ಇರುತ್ತಿತ್ತು.

ನೌಕೆ ತನ್ನ ಹೊತ್ತಿಗೆ ತಾನು ಹಾರಿಹೋಯಿತು. ಅವನನ್ನು ಬಿಟ್ಟು.

ಬಿರುಗಾಳಿಯ ಗದ್ದಲ ಇಳಿದು ರೇಡಿಯೋ ಸರಿಹೋದ ಮೇಲೂ ಅವನು ಮಾತಾಡಲಿಲ್ಲ. ಬದುಕಿದ್ದಾನೆಂದು ಯಂತ್ರಗಳಿಂದ ತಿಳಿಯುತ್ತಿತ್ತು: ಕೊರೆಯುವುದು ನಡೆದಿತ್ತು, ದೀಪ ಹೊತ್ತುತ್ತಿತ್ತು, ಆರುತ್ತಿತ್ತು. ಭೂಮಿಯ ಕಚೇರಿಯಿಂದ ಅಭಿನಂದನೆ ಬಂತು, ಮೌನದ ಪರೀಕ್ಷೆಯ ವಿವರ ಕಳಿಸಿ ಎಂಬ ವಿನಂತಿ ಬಂತು. ಅವಳಿಗೆ ಅದರಲ್ಲಿ ರುಚಿಯಿರಲಿಲ್ಲ. ಊಟದ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೂರುತ್ತಿದ್ದಳು, ಉಣ್ಣುತ್ತಿದ್ದಳು, ಕೈ ಒಣಗುತ್ತಿತ್ತು. ಒಬ್ಬ ಮನುಷ್ಯನ ಜೀವ ಉಳಿಸಿ ಅವನ ಎದುರು ನಿಲ್ಲಲು ಇಷ್ಟು ಅಂಜಿಕೆಯಾಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

ಒಂದು ದಿನ ಹೀಗೇ ಕೂತಿದ್ದಾಗ ರೇಡಿಯೋದಲ್ಲಿ ಚಮಚ ತಾಗಿದ ಸದ್ದಾಯಿತು.

"ಕೂಸು ಅತ್ತದಂತೆ," ಎಂದ ಮಾದೇಶ. "ಅಪ್ಪ ಫೋನಿಂದ ಈಚೆಗೆ ಬತ್ತಾನೆ ಅಂತ ಯೋಳ್ಬುಟ್ಟಿದ್ರು. ಬರ್ಲಿಲ್ಲ ಅಂತ ಅತ್ತದಂತೆ."

ನೀಲಗಂಗಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು.

"ಅಳ್ಲಿ ಬುಡು ಅಕ್ಕ. ಬರ್ದೇ ಇದ್ರೆ ಅಳಾದು, ಬಂದ್ರೆ ನಗ್ತದೆ. ಇನ್ಯಾವತ್ತೂ ಬರಕ್ಕೆ ಆಗ್ದೇ ಇರೋನಿಗೆ ಅಳಾದು ಬ್ಯಾರೆ." ಆಮೇಲೆ ಕೇಳಿದ, "ಇವತ್ತೇನು ಊಟ?"

"ರಟ್ಟು," ಎಂದಳು ಅವಳು. ಹೇಳುವಾಗಲೇ ಕಣ್ಣೀರು ತಟ್ಟೆಗೆ ಬಿತ್ತು.

ಆ ವರ್ಷ ಇಬ್ಬರೂ ಕೂಡಿ ಬಹಳ ಉಂಡರು. ಕೊನೆಗೊಮ್ಮೆ ಮತ್ತೆ ನೌಕೆ ಬಂತು. ಈ ಸಲ ಹೊರಡುವ ಹಿಂದಿನ ದಿನದಿಂದಲೇ ಅವಳು ಕಿವಿಗೊಟ್ಟು ಕೂತಿದ್ದಳು. ಕಣ್ಣು ಮುಚ್ಚಿ, ಮೌನಗಳನ್ನು ಕಲಸಿ, ಪರೀಕ್ಷೆ ಮಾಡಿದಳು. ಸಾಲದೆಂದು ಇನ್ನೊಮ್ಮೆ ಮಾಡಿದಳು. ಖಾಲಿ. ಸಂಶಯವೇ ಬೇಡ, ಅಪ್ಪಟ ಖಾಲಿ.

"ಓಗ್ಬುಟ್ಟು ಬತ್ತೀನಿ ಅಕ್ಕ."

"ಹೋಗಿ ಬಾಪಾ."

ಗಾಡಿ ಹೊರಟಿತು. ತೆರೆಯ ಮೇಲೆ ಅದೊಂದು ಚುಕ್ಕಿ. ಚುಕ್ಕಿ ಬಯಲಿನ ಅರ್ಧ ದಾಟುವ ತನಕ ಅವಳ ಬೆರಳು ಗುಂಡಿಯ ಮೇಲೇ ಇತ್ತು. ಒಮ್ಮೆ ಕರೆದರೆ ಸಾಕು, ಅವನು ಬೈದುಕೊಂಡಾದರೂ ತಿರುಗಿ ಬರುತ್ತಾನೆ, ಕೂರುತ್ತಾನೆ, ನೀರು ಕುಡಿಯುತ್ತಾನೆ. ಹೆಸರು ನಾಲಿಗೆಯ ತುದಿಗೇ ಬಂದಿತ್ತು. ಅವಳು ಎದ್ದು ಹೋಗಿ ಒಂದು ಗುಟುಕು ನೀರು ತಾನೇ ಕುಡಿದಳು. ಹೆಸರೂ ಅದರ ಜೊತೆ ಇಳಿಯಿತು.

ನೌಕೆಯಿಂದಲೂ ಅವನು ಊಟದ ಹೊತ್ತು ತಪ್ಪಿಸಲಿಲ್ಲ. ನೌಕೆಯ ಗಡಿಯಾರ, ಇವಳ ಗಡಿಯಾರ ಎರಡೂ ಒಂದೇ, ಅವನು ಅಲ್ಲಿ ಉಂಡು ಮುಗಿಸಿ, "ಏಳಾನಾ ಅಕ್ಕ?" ಎನ್ನುತ್ತಿದ್ದ. ಆ ಮಾತು ಮೊದಲ ದಿನಗಳಲ್ಲಿ ಒಂದು ತುತ್ತಿನಷ್ಟು ತಡವಾಗಿ ಬಂತು. ಆಮೇಲೆ ಒಂದು ರೊಟ್ಟಿಯಷ್ಟು ತಡ. ನೌಕೆ ದೂರವಾದಂತೆಲ್ಲ ತಡ ಬೆಳೆಯಿತು. ಅವಳು ಎಂಜಲಗೈ ಮಡಿಚಿಕೊಂಡು ಕೂತಿರುತ್ತಿದ್ದಳು. ಕೈ ಒಣಗಿ ಬಿರಿಯುವ ಹೊತ್ತಿಗೆ ಅವನ ದನಿ ಮುಟ್ಟುತ್ತಿತ್ತು. "ಏಳೋಣಪಾ," ಎಂದು ಎದ್ದು ಕೈ ತೊಳೆಯುತ್ತಿದ್ದಳು. ಅವಳ ಉತ್ತರ ಅವನಿಗೆ ಯಾವಾಗ ಮುಟ್ಟುತ್ತಿತ್ತೋ.

ಅವನು ಭೂಮಿಗೆ ಇಳಿದ ಸುದ್ದಿ ಕಚೇರಿಯಿಂದ ಬಂತು. ಹನೂರಿಗೆ ಹೊರಟನೆಂದೂ ಬಂತು. ಊರು ಮುಟ್ಟಿರಬೇಕಾದ ದಿನ ನೀಲಗಂಗಾ ಎಂದಿನ ಹಾಗೆ ಊಟಕ್ಕೆ ಕೂತಳು. ರೊಟ್ಟಿಯ ಜೊತೆ, ಕೊನೆಗೆಂದು ಉಳಿಸಿಟ್ಟುಕೊಂಡಿದ್ದ ಗುರೆಳ್ಳು ಹಿಂಡಿ ಬಡಿಸಿಕೊಂಡಳು. ಉಂಡಳು. ಕಾದಳು. ಭೂಮಿಯಿಂದ ದನಿ ಬರಲು ಮುಕ್ಕಾಲು ಗಂಟೆ ಬೇಕು. ಮುಕ್ಕಾಲು ಗಂಟೆಯೂ ಆಯಿತು, ಅದರ ಮೇಲೆ ಇನ್ನೊಂದಷ್ಟೂ ಆಯಿತು. ರೇಡಿಯೋದಲ್ಲಿ ಏನೂ ಇಲ್ಲ. ಮಾಸ್ತರ, ಕಂಡಕ್ಟರ್, ಟೇಲರ್, ವಕೀಲ, ಅವರೂ ಸುಮ್ಮನೆ. ಅಪಾಯವಿಲ್ಲದ ಮೌನ ಅದು, ಖಾಲಿ ಖಾನಾವಳಿಯದು.

ಮರೆತಿರಬೇಕು ಎಂದುಕೊಂಡಳು. ಮರೆಯಲಿ, ಇವತ್ತಲ್ಲದೆ ಇನ್ಯಾವಾಗ ಮರೆತಾನು? ಏಳಬೇಕೆಂದು ನೆಲಕ್ಕೆ ಕೈಯೂರಿದವಳು ಹಾಗೇ ತಡೆದಳು. ಹನೂರಿನ ಮನೆಯ ನಡುಮನೆ ಕಣ್ಣಿಗೆ ಬಂತು. ಫೋನಿನಿಂದ ಈಚೆಗೆ ಬಂದ ಅಪ್ಪ, ಅವನ ಪಕ್ಕದಲ್ಲಿ ಕೂಸು. ಸಣ್ಣ ಮಕ್ಕಳ ಊಟ ಗೊತ್ತಲ್ಲ, ಒಂದು ತುತ್ತಿಗೆ ನೂರು ಮಾತು, ನೂರು ಆಟ. ಅದು ಮುಗಿಸುವ ತನಕ ಅವನು ಏಳುವುದಿಲ್ಲ. ಅಷ್ಟು ಕಟ್ಟಳೆ ಅವನು ಇವಳಿಂದಲೇ ಕಲಿತಿದ್ದ.

ಪಂಕ್ತಿಯಲ್ಲಿ ಒಂದು ಕೂಸು ಇನ್ನೂ ಉಣ್ಣುತ್ತಿರುವಾಗ ಎದ್ದು ಹೋಗುವುದೆಂತು? ನೀಲಗಂಗಾ ಒಣಗಿದ ಕೈಯನ್ನು ಮತ್ತೆ ಮಡಿಚಿಕೊಂಡು ಕೂತಳು.